ಔದ್ಯೋಗಿಕ ಸುರಕ್ಷತಾ ಸಂಸ್ಕೃತಿ

ಔದ್ಯೋಗಿಕ ಸುರಕ್ಷತಾ ಸಂಸ್ಕೃತಿ ಎಂದರೆ ಕಾರ್ಖಾನೆ, ಗಣಿ, ನಿರ್ಮಾಣ ಸ್ಥಳ ಅಥವಾ ಇನ್ನಾವುದೇ ದುಡಿಮೆಯ ತಾಣದಲ್ಲಿ ಅಪಾಯ ಮತ್ತು ರಕ್ಷಣೆಯ ಬಗೆಗೆ ಅಲ್ಲಿಯ ಜನರು ಹಂಚಿಕೊಂಡಿರುವ ಮೌಲ್ಯಗಳು, ನಂಬಿಕೆಗಳು, ರೂಢಿಗಳು ಹಾಗೂ ನಡವಳಿಕೆಗಳ ಒಟ್ಟು ಸ್ವರೂಪ. ಕಾನೂನು, ನಿಯಮಾವಳಿ, ಯಂತ್ರಗಳ ರಕ್ಷಣಾ ಸಾಧನ ಇವು ಸುರಕ್ಷತೆಯ ಹೊರ ಚೌಕಟ್ಟು. ಮೇಲ್ವಿಚಾರಕನು ಎದುರಿಗಿಲ್ಲದಾಗ, ಕೆಲಸದ ಗಡುವು ಸಮೀಪಿಸಿದಾಗ, ಯಂತ್ರ ಕೆಟ್ಟು ಉತ್ಪಾದನೆ ನಿಂತಾಗ ಆ ಚೌಕಟ್ಟಿನೊಳಗೆ ಜನರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನಿರ್ಧರಿಸುವುದು ಸಂಸ್ಕೃತಿ. ಈ ಸಂಸ್ಕೃತಿಯನ್ನು ರೂಪಿಸುವ ಹೊಣೆ ಆಡಳಿತವರ್ಗ ಮತ್ತು ಕಾರ್ಮಿಕರಿಬ್ಬರದೂ ಆಗಿದ್ದು, ಇವರಿಬ್ಬರ ನಡುವೆ ಕೊಂಡಿಯಾಗಿ ಕೆಲಸ ಮಾಡುವವನು ಸುರಕ್ಷತಾಧಿಕಾರಿ.

'ಸುರಕ್ಷತಾ ಸಂಸ್ಕೃತಿ' ಎಂಬ ಪದ 1986ರ ಚೆರ್ನೋಬಿಲ್ ಪರಮಾಣು ದುರಂತದ ತರುವಾಯ ಪ್ರಚಾರಕ್ಕೆ ಬಂದಿತು. ಇಂದು ಇದು ರಾಸಾಯನಿಕ ಕೈಗಾರಿಕೆ, ತೈಲೋದ್ಯಮ, ವಿಮಾನಯಾನ, ಗಣಿಗಾರಿಕೆ, ನಿರ್ಮಾಣ ಹಾಗೂ ಆಸ್ಪತ್ರೆಗಳ ಆಡಳಿತದಲ್ಲಿಯೂ ಬಳಕೆಯಲ್ಲಿದೆ.

## ವ್ಯಾಖ್ಯೆ

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಪರಮಾಣು ಸುರಕ್ಷತಾ ಸಲಹಾ ಸಮಿತಿಯು 1991ರಲ್ಲಿ ಈ ವಿಷಯಕ್ಕಾಗಿಯೇ ಮೀಸಲಾದ ವರದಿಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ, ಸುರಕ್ಷತೆಯ ಪ್ರಶ್ನೆಗಳಿಗೆ ಅವುಗಳ ಮಹತ್ವಕ್ಕೆ ತಕ್ಕ ಗಮನವು ಉಳಿದೆಲ್ಲಕ್ಕಿಂತ ಮೊದಲು ದೊರೆಯುವಂತೆ ಮಾಡುವ, ಸಂಸ್ಥೆಯಲ್ಲಿಯೂ ವ್ಯಕ್ತಿಗಳಲ್ಲಿಯೂ ಇರುವ ಗುಣ ಮತ್ತು ಮನೋಭಾವಗಳ ಸಮೂಹವೇ ಸುರಕ್ಷತಾ ಸಂಸ್ಕೃತಿ. ಬ್ರಿಟನ್ನಿನ ಪರಮಾಣು ಸ್ಥಾವರಗಳ ಸುರಕ್ಷತಾ ಸಲಹಾ ಸಮಿತಿಯು 1993ರಲ್ಲಿ ನೀಡಿದ ವ್ಯಾಖ್ಯೆ ವ್ಯಕ್ತಿಗಳ ಮತ್ತು ಗುಂಪುಗಳ ಮೌಲ್ಯ, ಧೋರಣೆ, ಗ್ರಹಿಕೆ, ಸಾಮರ್ಥ್ಯ ಹಾಗೂ ನಡವಳಿಕೆಗಳನ್ನು ಒಟ್ಟಾಗಿ ಪರಿಗಣಿಸುತ್ತದೆ.

ಇದಕ್ಕೆ ಹತ್ತಿರವಾದ ಇನ್ನೊಂದು ಪರಿಕಲ್ಪನೆ 'ಸುರಕ್ಷತಾ ವಾತಾವರಣ'. ಇಸ್ರೇಲಿನ ಮನಶ್ಶಾಸ್ತ್ರಜ್ಞ ಡೋವ್ ಜೋಹರ್ 1980ರಲ್ಲಿ ಅಲ್ಲಿಯ ಕಾರ್ಖಾನೆಗಳ ಅಧ್ಯಯನದ ಆಧಾರದ ಮೇಲೆ ಈ ಪದವನ್ನು ಬಳಕೆಗೆ ತಂದರು. ಒಂದು ನಿರ್ದಿಷ್ಟ ಕಾಲದಲ್ಲಿ ಕಾರ್ಮಿಕರು ತಮ್ಮ ಸಂಸ್ಥೆಯ ಸುರಕ್ಷತೆಯ ಬಗೆಗೆ ಏನು ಭಾವಿಸುತ್ತಾರೆ ಎಂಬುದು ವಾತಾವರಣ. ಆ ಭಾವನೆಯ ಹಿಂದೆ ದೀರ್ಘಕಾಲದಿಂದ ಬೇರೂರಿರುವ ನಡವಳಿಕೆ ಸಂಸ್ಕೃತಿ. ವಾತಾವರಣವನ್ನು ಪ್ರಶ್ನಾವಳಿಯ ಮೂಲಕ ಅಳೆಯಬಹುದು. ಸಂಸ್ಕೃತಿಯನ್ನು ಅರಿಯಲು ಬಹುಕಾಲದ ಒಡನಾಟ ಬೇಕು.

## ಇತಿಹಾಸ

### ಕಾನೂನು ಮತ್ತು ಯಂತ್ರರಕ್ಷಣೆಯ ಕಾಲ

ಕೈಗಾರಿಕಾ ಸುರಕ್ಷತೆಯ ಆರಂಭದ ಘಟ್ಟದಲ್ಲಿ ಗಮನವೆಲ್ಲ ಯಂತ್ರ, ಕಟ್ಟಡ ಮತ್ತು ಕಾನೂನಿನ ಮೇಲಿತ್ತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಸಂಭವಿಸಿದ ಬೆಂಕಿಯಲ್ಲಿ 146 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವಲಸೆ ಬಂದ ಯುವತಿಯರು. ಹೊರಹೋಗುವ ಬಾಗಿಲೊಂದಕ್ಕೆ ಬೀಗ ಹಾಕಲಾಗಿತ್ತು. ಈ ದುರಂತವು ಅಲ್ಲಿ ಅಗ್ನಿಸುರಕ್ಷತೆ ಮತ್ತು ಕಾರ್ಮಿಕ ಕಾನೂನುಗಳ ಸುಧಾರಣೆಗೆ ಕಾರಣವಾಯಿತು.

1931ರಲ್ಲಿ ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ವಿಲಿಯಂ ಹೈನ್‌ರಿಚ್ ಕೈಗಾರಿಕಾ ಅಪಘಾತಗಳ ತಡೆಯನ್ನು ಕುರಿತ ತನ್ನ ಪುಸ್ತಕವನ್ನು ಹೊರತಂದನು. ಒಂದು ಗಂಭೀರ ಗಾಯಕ್ಕೆ 29 ಸಣ್ಣ ಗಾಯಗಳೂ 300 ಗಾಯರಹಿತ ಘಟನೆಗಳೂ ಹಿನ್ನೆಲೆಯಾಗಿರುತ್ತವೆ ಎಂಬ ಅವನ ತ್ರಿಕೋನ ಪ್ರಸಿದ್ಧವಾಯಿತು. ಬಹುಪಾಲು ಅಪಘಾತಗಳಿಗೆ ಕಾರ್ಮಿಕರ ಅಸುರಕ್ಷಿತ ವರ್ತನೆಯೇ ಕಾರಣವೆಂದೂ ಅವನು ಹೇಳಿದನು. ಸಣ್ಣ ಘಟನೆಗಳನ್ನು ಕಡೆಗಣಿಸಬಾರದೆಂಬ ಪಾಠ ಇಂದಿಗೂ ಮಾನ್ಯವಾಗಿದೆ. ಆದರೆ ಅವನ ಅಂಕಿಅಂಶಗಳನ್ನೂ, ದುಡಿಯುವವನ ಮೇಲೆಯೇ ತಪ್ಪು ಹೊರಿಸುವ ಧೋರಣೆಯನ್ನೂ ನಂತರದ ವಿದ್ವಾಂಸರು ತೀವ್ರವಾಗಿ ಪ್ರಶ್ನಿಸಿದ್ದಾರೆ.

### ಅಬರ್‌ಫಾನ್ ಮತ್ತು ಸಂಸ್ಥೆಯ ಹೊಣೆ

1966ರ ಅಕ್ಟೋಬರ್ 21ರ ಬೆಳಗ್ಗೆ ವೇಲ್ಸ್‌ನ ಅಬರ್‌ಫಾನ್ ಹಳ್ಳಿಯ ಮೇಲೆ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡ ಕುಸಿದು ಬಿದ್ದಿತು. ಮಕ್ಕಳು ತರಗತಿಗೆ ಬಂದು ಕುಳಿತ ಸ್ವಲ್ಪ ಹೊತ್ತಿನಲ್ಲೇ ಪಾಂಟ್‌ಗ್ಲಾಸ್ ಕಿರಿಯ ಶಾಲೆ ಕೆಸರಿನಡಿ ಹೂತುಹೋಯಿತು. ಸತ್ತ 144 ಮಂದಿಯಲ್ಲಿ 116 ಮಕ್ಕಳು. ಗುಡ್ಡವನ್ನು ನೀರಿನ ಊಟೆಯ ಮೇಲೆ ಪೇರಿಸಲಾಗಿತ್ತು. ಅಪಾಯದ ಬಗೆಗೆ ಸ್ಥಳೀಯ ಆಡಳಿತ 1963ರಲ್ಲಿಯೇ ಪತ್ರ ಬರೆದಿತ್ತು. ನ್ಯಾಯಮೂರ್ತಿ ಎಡ್ಮಂಡ್ ಡೇವಿಸ್ ನೇತೃತ್ವದ ವಿಚಾರಣಾ ಮಂಡಳಿಯು 1967ರ ವರದಿಯಲ್ಲಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯನ್ನು ಹೊಣೆಯಾಗಿಸಿತು.

ಸಮಾಜಶಾಸ್ತ್ರಜ್ಞ ಬ್ಯಾರಿ ಟರ್ನರ್ ಅಬರ್‌ಫಾನ್ ಮುಂತಾದ ದುರಂತಗಳನ್ನು ಅಭ್ಯಸಿಸಿ 1978ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ದುರಂತಗಳು ಹಠಾತ್ತನೆ ಎರಗುವುದಿಲ್ಲ, ಅವು ವರ್ಷಗಟ್ಟಲೆ ಸಂಸ್ಥೆಯೊಳಗೆ ಕಾವು ಕೂತಿರುತ್ತವೆ ಎಂದು ವಾದಿಸಿದರು. ಎಚ್ಚರಿಕೆಯ ಸೂಚನೆಗಳು ಇದ್ದರೂ ಅವು ತಪ್ಪು ಮೇಜಿನ ಮೇಲಿರುತ್ತವೆ, ಅಥವಾ ಹೇಳಿದವನು 'ಹೊರಗಿನವನು' ಎಂಬ ಕಾರಣಕ್ಕೆ ತಳ್ಳಿಹಾಕಲ್ಪಡುತ್ತವೆ. ಸುರಕ್ಷತಾ ಸಂಸ್ಕೃತಿಯ ಚಿಂತನೆಗೆ ಇದು ತಳಹದಿಯಾಯಿತು.

ದುರಂತದ ಕಾಲದಲ್ಲಿ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರಾಗಿದ್ದ ಲಾರ್ಡ್ ರೋಬೆನ್ಸ್ ಅವರೇ ಮುಂದೆ ಔದ್ಯೋಗಿಕ ಸುರಕ್ಷತೆಯ ವಿಚಾರಣಾ ಸಮಿತಿಯ ಅಧ್ಯಕ್ಷರಾದರು. 1972ರಲ್ಲಿ ಆ ಸಮಿತಿ ನೀಡಿದ ವರದಿಯು ಅಪಘಾತಗಳ ಮುಖ್ಯ ಕಾರಣ ಔದಾಸೀನ್ಯವೆಂದು ಗುರುತಿಸಿತು. ಕಾನೂನುಗಳ ರಾಶಿಗಿಂತ ಅಪಾಯ ಸೃಷ್ಟಿಸುವವರು ಮತ್ತು ಅದರೊಡನೆ ದುಡಿಯುವವರು ಜೊತೆಗೂಡಿ ಹೊಣೆ ಹೊರಬೇಕು ಎಂದಿತು. ಬ್ರಿಟನ್ನಿನ 1974ರ ಔದ್ಯೋಗಿಕ ಸುರಕ್ಷತಾ ಕಾಯಿದೆ ಈ ವರದಿಯ ಫಲ.

### ಚೆರ್ನೋಬಿಲ್‌ನ ನಂತರ

1986ರ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರದ ನಾಲ್ಕನೆಯ ಘಟಕ ಪರೀಕ್ಷೆಯೊಂದರ ವೇಳೆ ಸ್ಫೋಟಿಸಿತು. ಅದೇ ವರ್ಷ ಹೊರಬಂದ ಸಲಹಾ ಸಮಿತಿಯ ವರದಿಯು ನಿರ್ವಾಹಕರ ನಿಯಮೋಲ್ಲಂಘನೆಯ ಹಿಂದೆ ಸುರಕ್ಷತಾ ಸಂಸ್ಕೃತಿಯ ಕೊರತೆಯಿದೆ ಎಂದಿತು. 1992ರ ಪರಿಷ್ಕೃತ ವರದಿಯಲ್ಲಿ ಸ್ಥಾವರದ ವಿನ್ಯಾಸದ ದೋಷಗಳಿಗೆ ಹೆಚ್ಚು ಒತ್ತು ದೊರೆಯಿತು. ಆ ದೋಷಗಳ ಮಾಹಿತಿ ನಿರ್ವಾಹಕರಿಗೆ ಸರಿಯಾಗಿ ತಲುಪಿರಲಿಲ್ಲ. ಹೀಗೆ ಸಂಸ್ಕೃತಿಯ ಲೋಪ ನಿಯಂತ್ರಣ ಕೊಠಡಿಗೆ ಸೀಮಿತವಲ್ಲ, ವಿನ್ಯಾಸ ಮತ್ತು ಮೇಲುಸ್ತುವಾರಿಯವರೆಗೂ ಹರಡಿರುತ್ತದೆ ಎಂಬುದು ಸ್ಪಷ್ಟವಾಯಿತು.

ಅದೇ ವರ್ಷದ ಜನವರಿ 28ರಂದು ಸಂಭವಿಸಿದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತವನ್ನು ಅಭ್ಯಸಿಸಿದ ಡಯೇನ್ ವಾನ್, 1996ರಲ್ಲಿ 'ವ್ಯತ್ಯಯದ ಸಹಜೀಕರಣ' ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ನಿಯಮದಿಂದ ಒಮ್ಮೆ ಸರಿದು ಕೆಡುಕಾಗದಿದ್ದರೆ ಎರಡನೆಯ ಸಲ ಸರಿಯುವುದು ಸುಲಭವಾಗುತ್ತದೆ. ಕ್ರಮೇಣ ಆ ಸರಿಯುವಿಕೆಯೇ ನಿಯಮವಾಗುತ್ತದೆ.

## ಘಟಕಗಳು

ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1997ರ ತಮ್ಮ ಕೃತಿಯಲ್ಲಿ ಸುರಕ್ಷತಾ ಸಂಸ್ಕೃತಿಯ ಘಟಕಗಳನ್ನು ಹೀಗೆ ವಿಂಗಡಿಸಿದ್ದಾರೆ:

* ಅರಿವಿನ ಸಂಸ್ಕೃತಿ – ವ್ಯವಸ್ಥೆಯನ್ನು ನಡೆಸುವವರಿಗೆ ಅದರ ಮಾನವ, ತಾಂತ್ರಿಕ ಮತ್ತು ಸಂಘಟನಾತ್ಮಕ ಅಪಾಯಗಳ ಪ್ರಸಕ್ತ ತಿಳಿವಳಿಕೆ ಇರುವುದು.
* ವರದಿಯ ಸಂಸ್ಕೃತಿ – ತಮ್ಮ ತಪ್ಪುಗಳನ್ನೂ ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನೂ ಜನರು ಅಂಜಿಕೆಯಿಲ್ಲದೆ ತಿಳಿಸುವುದು.
* ನ್ಯಾಯದ ಸಂಸ್ಕೃತಿ – ಸಹಜ ಪ್ರಮಾದಕ್ಕೂ ಉದ್ದೇಶಪೂರ್ವಕ ಬೇಜವಾಬ್ದಾರಿತನಕ್ಕೂ ನಡುವಣ ಗೆರೆ ಎಲ್ಲಿದೆ ಎಂಬುದು ಎಲ್ಲರಿಗೂ ಮೊದಲೇ ತಿಳಿದಿರುವುದು.
* ಹೊಂದಿಕೆಯ ಸಂಸ್ಕೃತಿ – ತುರ್ತುಸಂದರ್ಭದಲ್ಲಿ ನಿರ್ಣಯದ ಅಧಿಕಾರ ಹುದ್ದೆಯಿಂದ ಪರಿಣತಿಯ ಕಡೆಗೆ ಸರಿಯುವುದು.
* ಕಲಿಕೆಯ ಸಂಸ್ಕೃತಿ – ವರದಿಗಳಿಂದ ಸರಿಯಾದ ತೀರ್ಮಾನಕ್ಕೆ ಬಂದು ಬದಲಾವಣೆ ಮಾಡುವ ಇಚ್ಛೆ.

ಇವುಗಳಲ್ಲಿ ಒಂದು ಇನ್ನೊಂದನ್ನು ಆಧರಿಸಿದೆ. ನ್ಯಾಯದ ಭರವಸೆ ಇಲ್ಲದಲ್ಲಿ ವರದಿ ಬರುವುದಿಲ್ಲ. ವರದಿ ಬರದಲ್ಲಿ ಅರಿವು ಹುಟ್ಟುವುದಿಲ್ಲ. ಅರಿವಿಲ್ಲದಲ್ಲಿ ಕಲಿಕೆಗೆ ಅವಕಾಶವಿಲ್ಲ. ಸಂಸ್ಥೆಯ ರಕ್ಷಣಾ ಪದರಗಳನ್ನು ತೂತುಗಳುಳ್ಳ ಸ್ವಿಸ್ ಚೀಸಿನ ಹೋಳುಗಳಿಗೆ ಹೋಲಿಸಿ, ತೂತುಗಳೆಲ್ಲ ಒಂದೇ ಸಾಲಿಗೆ ಬಂದಾಗ ಅಪಘಾತ ಸಂಭವಿಸುತ್ತದೆಂಬ ಮಾದರಿಯೂ ರೀಸನ್ ಅವರದೇ.

## ಬೆಳವಣಿಗೆಯ ಹಂತಗಳು

ಅಮೆರಿಕದ ಸಮಾಜಶಾಸ್ತ್ರಜ್ಞ ರಾನ್ ವೆಸ್ಟ್ರಮ್ ಮಾಹಿತಿಯನ್ನು ಸಂಸ್ಥೆಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬುದನ್ನು ಆಧರಿಸಿ ಅವುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಪ್ಯಾಟ್ರಿಕ್ ಹಡ್ಸನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಐದು ಮೆಟ್ಟಿಲುಗಳ ಏಣಿಯಾಗಿ ವಿಸ್ತರಿಸಿದರು:

1. ರೋಗಗ್ರಸ್ತ ಹಂತ – ಸಿಕ್ಕಿಬೀಳದಿದ್ದರೆ ಸಾಕು ಎಂಬ ಧೋರಣೆ.
2. ಪ್ರತಿಕ್ರಿಯೆಯ ಹಂತ – ಅಪಘಾತವಾದ ಮೇಲೆ ಮಾತ್ರ ಗಡಿಬಿಡಿ.
3. ಲೆಕ್ಕಾಚಾರದ ಹಂತ – ಕಡತ, ನಮೂನೆ, ತಪಾಸಣಾ ಪಟ್ಟಿಗಳೆಲ್ಲ ಸಿದ್ಧ. ಆದರೆ ಮನಸ್ಸು ಅವುಗಳಲ್ಲಿಲ್ಲ.
4. ಮುನ್ನೆಚ್ಚರಿಕೆಯ ಹಂತ – ಆಗಿಲ್ಲದ ಕೆಡುಕನ್ನೂ ಹುಡುಕಿ ತಡೆಯುವ ಪ್ರಯತ್ನ.
5. ಸೃಜನಶೀಲ ಹಂತ – ಸುರಕ್ಷತೆ ಕೆಲಸದ ಅವಿಭಾಜ್ಯ ಅಂಗವಾಗಿದ್ದು, ಕೆಟ್ಟ ಸುದ್ದಿಯನ್ನು ತಂದವನಿಗೆ ಕೃತಜ್ಞತೆ ಸಲ್ಲುವ ಸ್ಥಿತಿ.

ಹಲವು ಸಂಸ್ಥೆಗಳು ಮೂರನೆಯ ಹಂತದಲ್ಲಿಯೇ ನಿಂತುಬಿಡುತ್ತವೆ. ಅಲ್ಲಿಂದ ಮೇಲೇರಲು ಹೊಸ ನಿಯಮಗಳಿಗಿಂತ ವಿಶ್ವಾಸವೇ ಹೆಚ್ಚು ಅಗತ್ಯ.

## ಸುರಕ್ಷತಾಧಿಕಾರಿಯ ಪಾತ್ರ

### ಸ್ಥಾನ ಮತ್ತು ಸ್ವಾತಂತ್ರ್ಯ

ಸುರಕ್ಷತಾಧಿಕಾರಿಯು ಸಾಮಾನ್ಯವಾಗಿ ಸಲಹೆಗಾರ. ಉತ್ಪಾದನೆಯ ಅಧಿಕಾರ ಅವನ ಕೈಯಲ್ಲಿರುವುದಿಲ್ಲ. ಸುರಕ್ಷತೆಯ ಅಂತಿಮ ಹೊಣೆ ಕಾರ್ಖಾನೆಯ ಅಧಿಭೋಗದಾರ ಮತ್ತು ವ್ಯವಸ್ಥಾಪಕನದು. ಈ ಕಾರಣದಿಂದ ಅವನ ಮಾತಿಗೆ ತೂಕ ಬರಬೇಕಾದರೆ ಅವನು ಉತ್ಪಾದನಾ ವಿಭಾಗದ ಅಧೀನದಲ್ಲಿರದೆ ನೇರವಾಗಿ ಮುಖ್ಯ ಕಾರ್ಯನಿರ್ವಾಹಕನಿಗೆ ವರದಿ ಮಾಡುವಂತಿರಬೇಕು. ಭಾರತದ ಕಾರ್ಖಾನೆ ನಿಯಮಗಳು ಈ ತತ್ತ್ವವನ್ನು ಅಂಗೀಕರಿಸಿವೆ. ಸುರಕ್ಷತೆಗೆ ಸಂಬಂಧಿಸದ ಅಥವಾ ಅದಕ್ಕೆ ವಿರುದ್ಧವಾದ ಕೆಲಸವನ್ನು ಸುರಕ್ಷತಾಧಿಕಾರಿಗೆ ಒಪ್ಪಿಸಬಾರದೆಂದೂ ಅವು ವಿಧಿಸುತ್ತವೆ. ಅಧಿಕಾರಿಯನ್ನು ಕ್ಯಾಂಟೀನು, ವಾಹನ, ಕಾವಲು ವ್ಯವಸ್ಥೆಗಳ ಉಸ್ತುವಾರಿಗೂ ಹಚ್ಚಿದಲ್ಲಿ ಅವನು ಕಾರ್ಖಾನೆಯ ಒಳಾಂಗಣದಲ್ಲಿ ಕಾಣಿಸಿಕೊಳ್ಳುವುದೇ ಅಪರೂಪವಾಗುತ್ತದೆ.

ಮೇಲಧಿಕಾರಿಗಳ ನಡೆಯೇ ಸಂಸ್ಕೃತಿಯ ಮೊದಲ ಪಾಠ. ಹೆಲ್ಮೆಟ್ ಧರಿಸದೆ ಕಾಮಗಾರಿಯ ಸ್ಥಳಕ್ಕೆ ಬರುವ ನಿರ್ದೇಶಕನೊಬ್ಬನು ನೂರು ಭಿತ್ತಿಪತ್ರಗಳ ಪರಿಣಾಮವನ್ನು ಅಳಿಸಿಹಾಕಬಲ್ಲನು. 1987ರಲ್ಲಿ ಅಮೆರಿಕದ ಅಲ್ಯೂಮಿನಿಯಂ ಕಂಪನಿ ಆಲ್ಕೋವಾದ ಮುಖ್ಯಸ್ಥರಾದ ಪಾಲ್ ಓನೀಲ್ ಹೂಡಿಕೆದಾರರೆದುರಿನ ತಮ್ಮ ಮೊದಲ ಭಾಷಣದಲ್ಲಿ ಲಾಭಕ್ಕೆ ಬದಲಾಗಿ ಕಾರ್ಮಿಕರ ಸುರಕ್ಷತೆಯ ವಿಷಯವನ್ನು ಎತ್ತಿಕೊಂಡದ್ದು ಈ ಕ್ಷೇತ್ರದಲ್ಲಿ ಪದೇಪದೇ ಉಲ್ಲೇಖಗೊಳ್ಳುವ ಉದಾಹರಣೆ.

### ಅಪಾಯ ನಿಯಂತ್ರಣದ ಶ್ರೇಣಿ

ಅಪಾಯವನ್ನು ಗುರುತಿಸಿ ಅದರ ತೀವ್ರತೆಯನ್ನು ಅಂದಾಜು ಮಾಡಿದ ಮೇಲೆ ಪರಿಹಾರವನ್ನು ಈ ಕ್ರಮದಲ್ಲಿ ಹುಡುಕಬೇಕೆಂಬುದು ಸರ್ವಮಾನ್ಯ ತತ್ತ್ವ: ಅಪಾಯವನ್ನೇ ನಿವಾರಿಸುವುದು, ಕಡಿಮೆ ಅಪಾಯದ ವಸ್ತುವನ್ನು ಬದಲಿಯಾಗಿ ಬಳಸುವುದು, ತಾಂತ್ರಿಕ ತಡೆಗಳನ್ನು ಅಳವಡಿಸುವುದು, ಕಾರ್ಯವಿಧಾನ ಮತ್ತು ತರಬೇತಿಯ ಮೂಲಕ ನಿಯಂತ್ರಿಸುವುದು, ಕೊನೆಗೆ ವೈಯಕ್ತಿಕ ರಕ್ಷಣಾ ಸಾಧನಗಳನ್ನು ಒದಗಿಸುವುದು. ಉದಾಹರಣೆಗೆ, ಎತ್ತರದಲ್ಲಿ ಮಾಡಬೇಕಾದ ಜೋಡಣೆಯನ್ನು ನೆಲದ ಮೇಲೆಯೇ ಮುಗಿಸಿ ಕ್ರೇನಿನಿಂದ ಎತ್ತುವುದು ನಿವಾರಣೆ. ಸುತ್ತ ಕಟಕಟೆ ನಿರ್ಮಿಸುವುದು ತಾಂತ್ರಿಕ ತಡೆ. ಸುರಕ್ಷತಾ ಪಟ್ಟಿ ಕೊಡುವುದು ಕೊನೆಯ ಉಪಾಯ. ದುರ್ಬಲ ಸಂಸ್ಕೃತಿಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಕೈಗವಸು ವಿತರಿಸಿ ಸಹಿ ಪಡೆಯುವುದರೊಂದಿಗೆ ಸುರಕ್ಷತೆ ಮುಗಿಯುತ್ತದೆ.

### ವರದಿ ಮತ್ತು ಕೆಲಸ ನಿಲ್ಲಿಸುವ ಅಧಿಕಾರ

ಗಾಯವಾಗದೆ ಸ್ವಲ್ಪದರಲ್ಲಿ ತಪ್ಪಿಹೋದ ಘಟನೆಗಳ ವರದಿ ಸುರಕ್ಷತಾಧಿಕಾರಿಯ ಬಹುಮುಖ್ಯ ಆಕರ. ವರದಿ ಮಾಡಿದವನನ್ನು ದಂಡಿಸಿದರೆ ಮುಂದಿನ ವರದಿ ಬರುವುದಿಲ್ಲ. ವರದಿಯ ಮೇಲೆ ಏನೂ ಕ್ರಮ ಜರುಗದಿದ್ದರೂ ಬರುವುದಿಲ್ಲ. ಆದ್ದರಿಂದ ವರದಿಯ ಫಲವೇನಾಯಿತು ಎಂಬುದನ್ನು ವರದಿ ಮಾಡಿದವನಿಗೆ ಹಿಂದಿರುಗಿ ತಿಳಿಸುವುದು ಅಗತ್ಯ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ವಿಮಾನಯಾನ ಸುರಕ್ಷತಾ ವರದಿ ವ್ಯವಸ್ಥೆ ಇದಕ್ಕೆ ಮಾದರಿ. ಪೈಲಟ್ ಮೊದಲಾದವರು ಸ್ವಯಂಪ್ರೇರಿತರಾಗಿ ಕಳುಹಿಸುವ ವರದಿಗಳಲ್ಲಿನ ಗುರುತನ್ನು ಇಲ್ಲಿ ಗೌಪ್ಯವಾಗಿಡಲಾಗುತ್ತದೆ.

ಅಪಾಯ ಕಂಡ ಯಾವ ಕಾರ್ಮಿಕನಾದರೂ ಕೆಲಸವನ್ನು ನಿಲ್ಲಿಸಬಲ್ಲ ಅಧಿಕಾರ ಇನ್ನೊಂದು ಮುಖ್ಯ ಲಕ್ಷಣ. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಜೋಡಣಾ ಸಾಲಿನ ಯಾವ ಕೆಲಸಗಾರನಾದರೂ 'ಆಂಡೋನ್' ಹಗ್ಗವನ್ನೆಳೆದು ತೊಂದರೆಯನ್ನು ಸೂಚಿಸಬಹುದು. ತೊಂದರೆ ಬಗೆಹರಿಯದಿದ್ದರೆ ಸಾಲು ನಿಲ್ಲುತ್ತದೆ. ಗುಣಮಟ್ಟಕ್ಕಾಗಿ ರೂಪಿತವಾದ ಈ ಪದ್ಧತಿಯ ತತ್ತ್ವ ಸುರಕ್ಷತೆಗೂ ಅನ್ವಯಿಸುತ್ತದೆ. ಆದರೆ ಈ ಅಧಿಕಾರ ಗೋಡೆಯ ಫಲಕದಲ್ಲಿದ್ದರೆ ಸಾಲದು. ಅದನ್ನು ಬಳಸಿದ ಮೊದಲ ಕಾರ್ಮಿಕನನ್ನು ಸಂಸ್ಥೆ ಹೇಗೆ ನಡೆಸಿಕೊಂಡಿತು ಎಂಬುದನ್ನು ಉಳಿದವರೆಲ್ಲ ಗಮನಿಸುತ್ತಾರೆ. ಅವನ ಅನುಮಾನ ಸುಳ್ಳಾಗಿದ್ದರೂ ಅವನಿಗೆ ಮರ್ಯಾದೆ ದೊರೆತಲ್ಲಿ ಮಾತ್ರ ಎರಡನೆಯವನು ಬಾಯಿ ತೆರೆಯುತ್ತಾನೆ.

### ತನಿಖೆ

ಅಪಘಾತದ ತನಿಖೆಯಲ್ಲಿ 'ಯಾರು ಮಾಡಿದರು' ಎಂಬ ಪ್ರಶ್ನೆಗಿಂತ 'ಹಾಗೆ ಮಾಡುವುದು ಅವರಿಗೆ ಆ ಕ್ಷಣದಲ್ಲಿ ಸರಿಯೆಂದು ಏಕೆ ತೋರಿತು' ಎಂಬ ಪ್ರಶ್ನೆ ಹೆಚ್ಚು ಫಲಕಾರಿ. 'ಕಾರ್ಮಿಕನ ಅಜಾಗರೂಕತೆ' ಎಂದು ಮುಗಿಯುವ ವರದಿ ಯಂತ್ರದ ಕಳಚಿದ ಕವಚವನ್ನೂ, ಹನ್ನೆರಡು ಗಂಟೆಗಳ ಪಾಳಿಯನ್ನೂ, ಬಾರದ ಬಿಡಿಭಾಗವನ್ನೂ ಹಾಗೆಯೇ ಉಳಿಸುತ್ತದೆ. 'ಹಣೆಯಲ್ಲಿ ಬರೆದದ್ದು' ಎಂಬ ಸಮಾಧಾನವೂ ಇದೇ ಕೆಲಸ ಮಾಡುತ್ತದೆ: ನೊಂದ ಕುಟುಂಬಕ್ಕೆ ಅದು ಸಾಂತ್ವನವಾಗಬಹುದು, ತನಿಖಾ ವರದಿಗೆ ತೀರ್ಮಾನವಾಗಲಾರದು.

### ತರಬೇತಿ, ಭಾಷೆ ಮತ್ತು ಗುತ್ತಿಗೆ ಕಾರ್ಮಿಕರು

ಪಾಳಿಯ ಆರಂಭದಲ್ಲಿ ಕೆಲಸದ ಸ್ಥಳದಲ್ಲಿಯೇ ಹತ್ತು ಹದಿನೈದು ನಿಮಿಷ ನಡೆಸುವ 'ಟೂಲ್‌ಬಾಕ್ಸ್ ಮಾತುಕತೆ' ತರಬೇತಿಯ ಪ್ರಚಲಿತ ರೂಪ. ಅಂದಿನ ಕೆಲಸ, ಅಂದಿನ ಅಪಾಯ, ಅಂದಿನ ಹವೆ ಇವನ್ನು ಕುರಿತದ್ದಾದರೆ ಇದು ಪರಿಣಾಮಕಾರಿ. ಒಂದೇ ಪಾಠದ ನಿತ್ಯ ಪಠನವಾದರೆ ನಿರರ್ಥಕ. ಕೇಳುಗರಿಂದ ಮರಳಿ ಹೇಳಿಸುವುದು, ಯಂತ್ರದ ಬಳಿ ಮಾಡಿ ತೋರಿಸುವಂತೆ ಕೇಳುವುದು ತಲೆಯಲ್ಲಾಡಿಸುವುದಕ್ಕಿಂತ ಉತ್ತಮ ಪರೀಕ್ಷೆ.

ಭಾಷೆಯ ಪ್ರಶ್ನೆ ಇಲ್ಲಿ ನಿರ್ಣಾಯಕ. 1948ರ ಕಾರ್ಖಾನೆಗಳ ಕಾಯಿದೆಯು ಸೂಚನಾ ಫಲಕಗಳು ಇಂಗ್ಲಿಷಿನಲ್ಲಿಯೂ ಬಹುಸಂಖ್ಯಾತ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿತ್ತು. ಆದರೆ ಬೆಂಗಳೂರಿನಂತಹ ನಗರದ ಕಟ್ಟಡ ಕಾಮಗಾರಿಯೊಂದರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೊಂದಿಗೆ ತೆಲುಗು, ಹಿಂದಿ, ಒಡಿಯಾ, ಬಂಗಾಳಿ ಭಾಷಿಕರು ದುಡಿಯುವುದುಂಟು. ಬಹುಸಂಖ್ಯಾತರ ಭಾಷೆಯ ಫಲಕ ಉಳಿದವರಿಗೆ ತಲುಪದು. ಚಿತ್ರಸೂಚನೆ, ಆಯಾ ಭಾಷೆ ಬಲ್ಲ ಮೇಸ್ತ್ರಿಯ ಮೂಲಕ ವಿವರಣೆ, ಹೊಸಬನ ಜೊತೆಗೆ ಅವನದೇ ಭಾಷೆಯ ಅನುಭವಿಯನ್ನು ಇರಿಸುವುದು ಇದಕ್ಕೆ ಕಂಡುಕೊಂಡ ಉಪಾಯಗಳು.

ಗುತ್ತಿಗೆ ಕಾರ್ಮಿಕರು ಅನೇಕ ಬಾರಿ ಅತಿ ಅಪಾಯದ ಕೆಲಸವನ್ನು ಅತಿ ಕಡಿಮೆ ಪರಿಚಯದೊಂದಿಗೆ ಮಾಡುತ್ತಾರೆ. ದಿನಗೂಲಿಯು ತಪ್ಪೀತೆಂಬ ಅಂಜಿಕೆಯಿಂದ ಅವರು ಗಾಯವನ್ನು ಮರೆಮಾಡುವುದೂ ಉಂಟು. ಕಾಯಂ ಕಾರ್ಮಿಕರಿಗೊಂದು, ಗುತ್ತಿಗೆಯವರಿಗೊಂದು ಎಂಬ ಎರಡು ಸುರಕ್ಷತೆಗಳಿರುವಲ್ಲಿ ಸಂಸ್ಕೃತಿ ಬೆಳೆಯಲಾರದು.

## ಮಾಪನ

ಅಪಘಾತಗಳ ಆವರ್ತನ, ಕಳೆದುಹೋದ ಮಾನವದಿನಗಳು ಇತ್ಯಾದಿ ಹಿಂದಿನದನ್ನು ಹೇಳುವ ಸೂಚಕಗಳು. ತಪಾಸಣೆಯಲ್ಲಿ ಕಂಡ ದೋಷಗಳು ಎಷ್ಟು ದಿನದಲ್ಲಿ ಸರಿಹೋದವು, ಎಷ್ಟು ವರದಿಗಳು ಬಂದವು, ರಕ್ಷಣಾ ಸಾಧನಗಳ ಪರೀಕ್ಷೆ ಸಕಾಲದಲ್ಲಿ ನಡೆಯಿತೇ ಎಂಬವು ಮುಂದಿನದನ್ನು ಸೂಚಿಸುವವು. 2018ರಲ್ಲಿ ಪ್ರಕಟವಾದ ಐಎಸ್ಒ 45001 ಅಂತರರಾಷ್ಟ್ರೀಯ ಮಾನಕವು ನಾಯಕತ್ವ ಮತ್ತು ಕಾರ್ಮಿಕರ ಭಾಗವಹಿಸುವಿಕೆಗೆ ವಿಶೇಷ ಸ್ಥಾನ ನೀಡಿದೆ.

'ಅಪಘಾತರಹಿತ ದಿನಗಳು' ಎಂಬ ಫಲಕವು ಹಲವು ಕಾರ್ಖಾನೆಗಳ ಬಾಗಿಲಲ್ಲಿ ಕಾಣುತ್ತದೆ. ಆ ಸಂಖ್ಯೆಗೆ ಬಹುಮಾನ ಜೋಡಿಸಿದಾಗ ಸಣ್ಣ ಗಾಯಗಳು ಅಡಗಿಸಲ್ಪಡುವ ಸಾಧ್ಯತೆ ಇದೆ. ಗಾಯಗಳು ಕಡಿಮೆಯಾದವೋ ವರದಿಗಳು ಕಡಿಮೆಯಾದವೋ ಎಂಬುದನ್ನು ಸಂಖ್ಯೆಯೊಂದೇ ಹೇಳಲಾರದು.

## ಪ್ರಮುಖ ಪ್ರಕರಣಗಳು

### ಭೋಪಾಲ್, 1984

1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ಭೋಪಾಲಿನ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಅನಿಲ ಸೋರಿ ಸಾವಿರಾರು ಜನರು ಸತ್ತರು. ಅನಿಲ ಸಂಗ್ರಹದ ಶೀತಲೀಕರಣ ವ್ಯವಸ್ಥೆ ಸ್ಥಗಿತವಾಗಿತ್ತು. ಸೋರಿದ ಅನಿಲವನ್ನು ಉರಿಸಬೇಕಾದ ಗೋಪುರದ ಕೊಳವೆ ಸಂಪರ್ಕ ತಪ್ಪಿತ್ತು. 1981ರಲ್ಲಿಯೇ ಅಲ್ಲಿ ಫಾಸ್ಜೀನ್ ಸೋರಿಕೆಯಿಂದ ಕಾರ್ಮಿಕನೊಬ್ಬ ಸತ್ತಿದ್ದನು. 1982ರಲ್ಲಿ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ನಗರಕ್ಕೆ ಒದಗಬಹುದಾದ ವಿಪತ್ತಿನ ಬಗೆಗೆ ಬರೆದಿದ್ದರು. ಅದೇ ವರ್ಷ ಮಾತೃಸಂಸ್ಥೆಯ ತಜ್ಞರ ತಂಡವೂ ಲೋಪಗಳನ್ನು ಪಟ್ಟಿಮಾಡಿತ್ತು. ರಕ್ಷಣಾ ಪದರಗಳು ಒಂದೊಂದಾಗಿ ಕಳಚಿದ್ದರೂ ಉತ್ಪಾದನಾ ತಾಣದಲ್ಲಿ ವಿಷಾನಿಲದ ಸಂಗ್ರಹ ಮುಂದುವರಿದಿತ್ತು.

### ಪೈಪರ್ ಆಲ್ಫಾ, 1988

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಸಂಭವಿಸಿದ ಸ್ಫೋಟ ಮತ್ತು ಬೆಂಕಿಯಲ್ಲಿ 167 ಮಂದಿ ಸತ್ತರು. ದುರಸ್ತಿಗಾಗಿ ಪಂಪೊಂದರ ಸುರಕ್ಷತಾ ಕವಾಟವನ್ನು ತೆಗೆಯಲಾಗಿತ್ತು. ಪಾಳಿ ಬದಲಾದಾಗ ಆ ಮಾಹಿತಿ ರಾತ್ರಿಪಾಳಿಯವರಿಗೆ ದಾಟಲಿಲ್ಲ. ಅವರು ಆ ಪಂಪನ್ನು ಚಾಲೂ ಮಾಡಿದರು. ಪಕ್ಕದ ವೇದಿಕೆಗಳು ಬೆಂಕಿಯನ್ನು ಕಂಡ ಮೇಲೂ ತೈಲ ಹರಿಸುವುದನ್ನು ಕೂಡಲೇ ನಿಲ್ಲಿಸಲಿಲ್ಲ. ಲಾರ್ಡ್ ಕಲ್ಲನ್ ಅವರ 1990ರ ವರದಿಯು 106 ಶಿಫಾರಸುಗಳನ್ನು ಮಾಡಿತು. ಕೆಲಸದ ಅನುಮತಿಪತ್ರ ಮತ್ತು ಪಾಳಿ ಹಸ್ತಾಂತರದ ಶಿಸ್ತಿಗೆ ಈ ಪ್ರಕರಣ ಇಂದಿಗೂ ಪಠ್ಯ.

### ಟೆಕ್ಸಸ್ ಸಿಟಿ, 2005

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ತೈಲ ಶುದ್ಧೀಕರಣಾಗಾರದಲ್ಲಿ ನಡೆದ ಸ್ಫೋಟದಲ್ಲಿ 15 ಮಂದಿ ಸತ್ತರು. ಅವರೆಲ್ಲರೂ ಗುತ್ತಿಗೆ ನೌಕರರು. ಜೇಮ್ಸ್ ಬೇಕರ್ ನೇತೃತ್ವದ ಸಮಿತಿಯ 2007ರ ವರದಿಯು, ಜಾರಿ ಬೀಳುವಂತಹ ವೈಯಕ್ತಿಕ ಗಾಯಗಳ ಅಂಕಿಅಂಶ ಉತ್ತಮವಾದುದನ್ನೇ ಸುರಕ್ಷತೆಯೆಂದು ಭಾವಿಸಿ, ಅನಿಲ, ಒತ್ತಡ, ಸ್ಫೋಟಗಳಿಗೆ ಸಂಬಂಧಿಸಿದ ಪ್ರಕ್ರಿಯಾ ಸುರಕ್ಷತೆಯನ್ನು ಕಡೆಗಣಿಸಲಾಗಿತ್ತೆಂದು ತೋರಿಸಿತು.

### ರಾಣಾ ಪ್ಲಾಜಾ, 2013

ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿದ್ದ ಎಂಟು ಅಂತಸ್ತಿನ ರಾಣಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದು 1,134 ಮಂದಿ ಸತ್ತರು. ಹಿಂದಿನ ದಿನವೇ ಕಟ್ಟಡದಲ್ಲಿ ಬಿರುಕುಗಳು ಕಂಡಿದ್ದವು. ಕೆಳಗಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತು; ಮೇಲಿನ ಅಂತಸ್ತುಗಳ ಸಿದ್ಧ ಉಡುಪು ಕಾರ್ಮಿಕರನ್ನು ಮರುದಿನ ಕೆಲಸಕ್ಕೆ ಕರೆಸಿಕೊಳ್ಳಲಾಯಿತು. ಅಪಾಯದ ಅರಿವು ಅವರಿಗಿತ್ತು. ಒಳಗೆ ಬರಲಾರೆವು ಎನ್ನುವ ಶಕ್ತಿ ಇರಲಿಲ್ಲ.

## ಭಾರತದಲ್ಲಿ

ಸ್ವತಂತ್ರ ಭಾರತದಲ್ಲಿ ಔದ್ಯೋಗಿಕ ಸುರಕ್ಷತೆಗೆ ದಶಕಗಳ ಕಾಲ ಆಧಾರವಾಗಿದ್ದವು 1948ರ ಕಾರ್ಖಾನೆಗಳ ಕಾಯಿದೆ ಹಾಗೂ 1952ರ ಗಣಿಗಳ ಕಾಯಿದೆ. 1976ರ ತಿದ್ದುಪಡಿಯ ಮೂಲಕ ಸೇರಿದ 40ಬಿ ಪ್ರಕರಣವು ಸಾವಿರ ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ, ಹಾಗೂ ರಾಜ್ಯ ಸರ್ಕಾರ ಸೂಚಿಸುವ ಅಪಾಯಕರ ಕಾರ್ಖಾನೆಗಳಲ್ಲಿ ಸುರಕ್ಷತಾಧಿಕಾರಿಗಳ ನೇಮಕವನ್ನು ಕಡ್ಡಾಯಗೊಳಿಸಿತು. ಭೋಪಾಲ್ ದುರಂತದ ತರುವಾಯ 1987ರಲ್ಲಿ ಬಂದ ತಿದ್ದುಪಡಿಯು ಅಪಾಯಕರ ಪ್ರಕ್ರಿಯೆಗಳ ಬಗೆಗೆ ಪ್ರತ್ಯೇಕ ಅಧ್ಯಾಯವನ್ನು ಸೇರಿಸಿತು. ಆಡಳಿತ ಮತ್ತು ಕಾರ್ಮಿಕರ ಸಮಾನ ಪ್ರಾತಿನಿಧ್ಯದ ಸುರಕ್ಷತಾ ಸಮಿತಿ, ಸನ್ನಿಹಿತ ಅಪಾಯದ ಬಗೆಗೆ ಎಚ್ಚರಿಸುವ ಕಾರ್ಮಿಕರ ಹಕ್ಕು ಇವು ಅದರ ಮುಖ್ಯ ಅಂಶಗಳು.

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆಯು ಈ ಕಾಯಿದೆಗಳನ್ನು ಒಟ್ಟುಗೂಡಿಸಿದ್ದು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. ಅದರ ಪ್ರಕಾರ 500 ಕಾರ್ಮಿಕರಿರುವ ಕಾರ್ಖಾನೆ, 250 ಕಾರ್ಮಿಕರಿರುವ ಅಪಾಯಕರ ಪ್ರಕ್ರಿಯೆಯ ಕಾರ್ಖಾನೆ, 250 ಕಾರ್ಮಿಕರಿರುವ ನಿರ್ಮಾಣ ಕಾಮಗಾರಿ ಹಾಗೂ 100 ಕಾರ್ಮಿಕರಿರುವ ಗಣಿಗಳಲ್ಲಿ ಸುರಕ್ಷತಾಧಿಕಾರಿಗಳು ಇರಬೇಕು.

1966ರ ಮಾರ್ಚ್ 4ರಂದು ಸ್ಥಾಪನೆಯಾದ ರಾಷ್ಟ್ರೀಯ ಸುರಕ್ಷತಾ ಪರಿಷತ್ತಿನ ನೆನಪಿಗಾಗಿ ಪ್ರತಿವರ್ಷ ಮಾರ್ಚ್ 4ನ್ನು ರಾಷ್ಟ್ರೀಯ ಸುರಕ್ಷತಾ ದಿನವಾಗಿ ಆಚರಿಸಲಾಗುತ್ತದೆ. ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ, ಘೋಷವಾಕ್ಯಗಳಿಗೆ ಈ ಆಚರಣೆ ಸೀಮಿತವಾಗದೆ ವರ್ಷವಿಡೀ ಮುಂದುವರಿಯುವ ಕೆಲಸಕ್ಕೆ ಆರಂಭವಾಗಬೇಕೆಂಬುದು ಅದರ ಆಶಯ.

## ಕರ್ನಾಟಕದಲ್ಲಿ

ರಾಜ್ಯದಲ್ಲಿ ಕಾರ್ಖಾನೆಗಳ ಸುರಕ್ಷತೆಯ ಮೇಲ್ವಿಚಾರಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು. 1969ರ ಕರ್ನಾಟಕ ಕಾರ್ಖಾನೆಗಳ ನಿಯಮಗಳು ಇದಕ್ಕೆ ಆಧಾರವಾಗಿದ್ದವು.

ಕೋಲಾರ ಚಿನ್ನದ ಗಣಿಗಳು ರಾಜ್ಯದ ಔದ್ಯೋಗಿಕ ಸುರಕ್ಷತೆಯ ಇತಿಹಾಸದಲ್ಲಿ ವಿಶಿಷ್ಟ ಸ್ಥಾನ ಪಡೆದಿವೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆ ನಡೆಸಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲೊಂದಾಯಿತು. ಆಳ ಹೆಚ್ಚಿದಂತೆ ಒತ್ತಡಕ್ಕೊಳಗಾದ ಬಂಡೆ ಹಠಾತ್ತನೆ ಸಿಡಿಯುವ 'ಬಂಡೆಸ್ಫೋಟ' ಕಾರ್ಮಿಕರ ಜೀವಕ್ಕೆ ದೊಡ್ಡ ಕಂಟಕವಾಯಿತು. ಶಿಲಾಧೂಳಿನಿಂದ ಬರುವ ಸಿಲಿಕೋಸಿಸ್ ಇನ್ನೊಂದು ಪಿಡುಗು. ಈ ಅನುಭವದ ಹಿನ್ನೆಲೆಯಲ್ಲಿ 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ ಅಲ್ಲಿಯೇ ಆರಂಭವಾಯಿತು. ಗಣಿಗಳು 2001ರಲ್ಲಿ ಮುಚ್ಚಿದವು.

ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರದ ನಿರ್ಮಾಣದ ವೇಳೆ, 1994ರ ಮೇ 13ರಂದು ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ತನಿಖೆಯ ನಂತರ ವಿನ್ಯಾಸವನ್ನು ಪರಿಷ್ಕರಿಸಿ ಗುಮ್ಮಟವನ್ನು ಮರಳಿ ಕಟ್ಟಲಾಯಿತು. ಅದೇ ಘಟಕವು 2018ರ ಡಿಸೆಂಬರ್ 31ಕ್ಕೆ ಕೊನೆಗೊಂಡಂತೆ 962 ದಿನಗಳ ಕಾಲ ನಿರಂತರವಾಗಿ ಚಾಲನೆಯಲ್ಲಿದ್ದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು.

## ಟೀಕೆಗಳು ಮತ್ತು ಮಿತಿಗಳು

'ಸಂಸ್ಕೃತಿ' ಎಂಬ ಪದ ಅತಿವ್ಯಾಪಕವಾಗಿದ್ದು, ಯಾವ ಅಪಘಾತಕ್ಕೂ ಹಚ್ಚಬಹುದಾದ ಸುಲಭ ವಿವರಣೆಯಾಗಿದೆ ಎಂಬುದು ಒಂದು ಟೀಕೆ. ಸಂಸ್ಕೃತಿಯ ಮಾತು ಕಾರ್ಮಿಕರ ವರ್ತನೆಯನ್ನು ತಿದ್ದುವ ಕಾರ್ಯಕ್ರಮವಾಗಿ ಕುಗ್ಗಿ, ಹೂಡಿಕೆ ಬೇಡುವ ತಾಂತ್ರಿಕ ಸುಧಾರಣೆಗಳಿಂದ ಗಮನವನ್ನು ಬೇರೆಡೆಗೆ ಸೆಳೆಯುತ್ತದೆಂದು ಕಾರ್ಮಿಕ ಸಂಘಟನೆಗಳು ಆಕ್ಷೇಪಿಸುತ್ತವೆ. ಒಂದೇ ಸಂಸ್ಥೆಯೊಳಗೆ ವಿಭಾಗಕ್ಕೊಂದು, ಪಾಳಿಗೊಂದು ಉಪಸಂಸ್ಕೃತಿ ಇರುವುದರಿಂದ ಇಡೀ ಸಂಸ್ಥೆಗೆ ಒಂದೇ ಅಂಕ ನೀಡುವುದು ಸರಿಯಲ್ಲವೆಂಬ ವಾದವೂ ಇದೆ.

ಇನ್ನೊಂದು ಮಿತಿ ವ್ಯಾಪ್ತಿಯದು. ಸುರಕ್ಷತಾಧಿಕಾರಿ, ಸಮಿತಿ, ತಪಾಸಣೆಗಳೆಲ್ಲ ಸಂಘಟಿತ ವಲಯಕ್ಕೆ ಸೇರಿದವು. ಭಾರತದ ಬಹುಪಾಲು ದುಡಿಮೆ ಅಸಂಘಟಿತ ವಲಯದಲ್ಲಿದೆ. ಮ್ಯಾನ್‌ಹೋಲಿಗೆ ಇಳಿಯುವ ಕಾರ್ಮಿಕನಿಗೆ ಅನುಮತಿಪತ್ರವೂ ಇಲ್ಲ, ಅನಿಲ ಪರೀಕ್ಷೆಯೂ ಇಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಸಫಾಯಿ ಕರ್ಮಚಾರಿ ಆಂದೋಲನದ ಮೂಲಕ ಇದರ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಆದೇಶಿಸಿತು. 2023ರಲ್ಲಿ ಈ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಮನುಷ್ಯನನ್ನು ಒಳಗಿಳಿಸದೆ ಯಂತ್ರವನ್ನು ಬಳಸುವುದು ನಿಯಂತ್ರಣ ಶ್ರೇಣಿಯ ಮೊದಲ ಮೆಟ್ಟಿಲಾದ ನಿವಾರಣೆಗೆ ಸೇರಿದೆ; ಪರಿಹಾರಧನ ಆ ಶ್ರೇಣಿಯಲ್ಲೆಲ್ಲಿಯೂ ಇಲ್ಲ.

## ಇವನ್ನೂ ನೋಡಿ

* ಭೋಪಾಲ್ ಅನಿಲ ದುರಂತ
* ಚೆರ್ನೋಬಿಲ್ ದುರಂತ
* ಕೋಲಾರ ಚಿನ್ನದ ಗಣಿ
* ಕೈಗಾ ಅಣುವಿದ್ಯುತ್ ಸ್ಥಾವರ
* ರಾಷ್ಟ್ರೀಯ ಸುರಕ್ಷತಾ ದಿನ